ಮೊಡವೆ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲವೇ? ಸತ್ಯಾಂಶ ಇಲ್ಲಿದೆ

‘ಐಸೊಟ್ರೆಟಿನಾಯಿನ್ ನುಂಗಿದ ಹುಡುಗಿಗೆ ಮುಂದೆ ಮಕ್ಕಳಾಗುವುದಿಲ್ಲ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು. ಮೊಡವೆಗೆ ಕೊಡುವ ಈ ಔಷಧ ಬಂಜೆತನ ತರುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಅಪಾಯ ಇರುವುದು ಬೇರೆ ಕಡೆ. ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಂತರೆ ಮಗುವಿನ ಕಿವಿ, ಮುಖ, ಹೃದಯ, ಮಿದುಳಿಗೆ ತೀವ್ರ ಊನವಾಗಬಹುದು, ಗರ್ಭಪಾತವೂ ಆಗಬಹುದು. ಕಡಿಮೆ ಡೋಸ್, ನಾಲ್ಕೇ ದಿನ ಎಂಬ ಸಮಾಧಾನ ಇಲ್ಲಿ ನಡೆಯದು.

ಆದ್ದರಿಂದ ಗರ್ಭಧಾರಣೆಯ ಸಾಧ್ಯತೆ ಇರುವವರು ಶುರುವಿಗೆ ಒಂದು ತಿಂಗಳು ಮೊದಲಿನಿಂದ, ಮಾತ್ರೆ ಮುಗಿದು ಒಂದು ತಿಂಗಳಾಗುವವರೆಗೆ ಗರ್ಭನಿರೋಧಕ ಬಳಸಬೇಕು. ಕಾಪರ್-ಟಿಯಂಥದು ಒಳ್ಳೆಯದು, ಇಲ್ಲವೇ ಗರ್ಭನಿರೋಧಕ ಗುಳಿಗೆಯ ಜೊತೆಗೆ ಕಾಂಡೋಮ್. ಕಾಂಡೋಮ್ ಒಂದನ್ನೇ ನಂಬಬೇಡಿ. ಪ್ರೊಜೆಸ್ಟೊಜೆನ್ ಎಂಬ ಒಂದೇ ಹಾರ್ಮೋನ್ ಇರುವ ಮಿನಿ ಗುಳಿಗೆಯೂ ಸಾಲದು: ಹೊತ್ತು ತಪ್ಪಿದರೆ ಅದರ ರಕ್ಷಣೆ ಬೇಗ ಕುಸಿಯುತ್ತದೆ. ಆರಂಭಕ್ಕೆ ಮೊದಲು, ಆಮೇಲೆ ಪ್ರತಿ ತಿಂಗಳು, ಕೊನೆಗೆ ಮುಗಿದ ಒಂದು ತಿಂಗಳಿಗೆ ಗರ್ಭಪರೀಕ್ಷೆ ಮಾಡಿಸಬೇಕು.

ಮುಟ್ಟು ತಪ್ಪಿತೇ? ಮಾತ್ರೆ ಅಲ್ಲೇ ನಿಲ್ಲಿಸಿ, ಅಂದೇ ವೈದ್ಯರನ್ನು ಕಾಣಿ.

‘ಮಾತ್ರೆ ನಿಲ್ಲಿಸಿ ಗರ್ಭ ಧರಿಸಲು ಮೂರು ವರ್ಷ ಕಾಯಬೇಕು’ ಎಂಬ ಇನ್ನೊಂದು ಮಾತು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುವ ಅಸಿಟ್ರೆಟಿನ್ ಎಂಬ ಬೇರೆ ಔಷಧದ್ದು. ಅದು ದೇಹದಲ್ಲಿ ಬಹುಕಾಲ ಉಳಿಯಬಲ್ಲದು. ಐಸೊಟ್ರೆಟಿನಾಯಿನ್ ಒಂದು ತಿಂಗಳೊಳಗೆ ಹೊರಹೋಗುತ್ತದೆ. ಅಲ್ಲಿಯವರೆಗೆ ರಕ್ತದಾನವೂ ಬೇಡ, ಏಕೆಂದರೆ ಆ ರಕ್ತ ಗರ್ಭಿಣಿಗೆ ಸೇರಬಹುದು. ಉಳಿದ ಮಾತ್ರೆಯನ್ನು ತಂಗಿಗೋ ಗೆಳತಿಗೋ ದಾಟಿಸುವುದಂತೂ ಬೇಡವೇ ಬೇಡ.