ಗೌರವಾಧ್ಯಕ್ಷರಿಗೆ ಒಂದು ಖಾಲಿ ಹಾಳೆ

ನಮ್ಮ ಬೀದಿಯ ಗಣೇಶೋತ್ಸವ ಸಮಿತಿಗೆ ನಾನು ಗೌರವಾಧ್ಯಕ್ಷ. ವಿಷಯ ನನಗೆ ಗೊತ್ತಾಗಿದ್ದು ಫ್ಲೆಕ್ಸ್ ನೋಡಿದ ಮೇಲೆ. ಸೊಪ್ಪು ತರೋಕೆ ಹೋದವನು ತಲೆ ಎತ್ತಿದರೆ ಕರೆಂಟ್ ಕಂಬಕ್ಕೆ ಕಟ್ಟಿದ ನನ್ನದೇ ಮುಖ. ಕೂದಲಿದ್ದ ಕಾಲದ ಫೋಟೊ, ಎಲ್ಲಿಂದ ಹುಡುಕಿದರೋ. ನನ್ನ ಕೆಳಗೆ ಅಧ್ಯಕ್ಷ, ಕಾರ್ಯಾಧ್ಯಕ್ಷ, ಐದು ಜನ ಉಪಾಧ್ಯಕ್ಷರು. ಕಟ್ಟಕಡೆಗೆ, ಕನ್ನಡಕ ಹಾಕಿಕೊಂಡರಷ್ಟೇ ಕಾಣುವ ಅಕ್ಷರದಲ್ಲಿ, ಪ್ರಧಾನ ಕಾರ್ಯದರ್ಶಿ. ರಸೀದಿ ಪುಸ್ತಕ, ಪೆಂಡಾಲಿನವನ ನಂಬರು, ಡಿಜೆ ಅಡ್ವಾನ್ಸು, ಪ್ರಸಾದದ ರವೆ ಸಕ್ಕರೆ ಲೆಕ್ಕ ಎಲ್ಲ ಇರೋದು ಆ ಸಣ್ಣ ಅಕ್ಷರದವನ ಜೇಬಿನಲ್ಲಿ.

ಈ ಮಹಾಶಯನೇ ಮೊನ್ನೆ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಳೇ ಸುದ್ದಿಯೊಂದನ್ನು ಬಿಸಿ ಮಾಡಿ ಬಡಿಸಿದ. ಅದೇ, 2023ರ ಮಾರ್ಚಿನ ಚೀನಾ ಲೆಕ್ಕ. ಷಿ ಜಿನ್‌ಪಿಂಗ್ ಮೂರನೇ ಸಲ ರಾಷ್ಟ್ರಾಧ್ಯಕ್ಷ. ಅಲ್ಲಿನ ಸಂಸತ್ತಿನಲ್ಲಿ ಪರ 2,952, ವಿರೋಧ ಸೊನ್ನೆ. ಕೆಳಗೆ ಇವನ ಷರಾ: 'ಒಬ್ಬನೂ ತಕರಾರು ತೆಗೆದಿಲ್ಲ, ದೇಶ ಅಂದ್ರೆ ಇದು!' ಅದಕ್ಕೆ ಎರಡು ಡಜನ್ ಹೆಬ್ಬೆಟ್ಟು.

ಮೆಚ್ಚಲೇಬೇಕು. 2018ರಲ್ಲಿ ಎರಡೇ ಅವಧಿ ಅನ್ನುವ ಮಿತಿಯನ್ನು ಸಂವಿಧಾನದಿಂದ ಕಿತ್ತಾಗ 2,958 ಜನ ಹೂಂ ಅಂದರೂ ಇಬ್ಬರು ಊಹೂಂ ಅಂದಿದ್ದರು, ಮೂವರು ತಟಸ್ಥ, ಒಂದು ಮತ ಅಸಿಂಧು. ಐದೇ ವರ್ಷದಲ್ಲಿ ಎಂಥ ಸುಧಾರಣೆ! ನನ್ನ ಮನಸ್ಸು ಮಾತ್ರ ಆ ಅಸಿಂಧುವಿನ ಹಿಂದೆಯೇ ಸುತ್ತುತ್ತದೆ. ಪಾಪ, ಕೈ ನಡುಗಿತ್ತೋ ಏನೋ. ನಮ್ಮ ಬೀದಿಯಲ್ಲಿ ಗಣಪ್ಪ ಐದಡಿಯೋ ಏಳಡಿಯೋ ಅಂತ ತೀರ್ಮಾನ ಆಗೋಕೆ ಮೂರು ರಾತ್ರಿ ಹಿಡಿಯಿತು. ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲೂ ಹೋಯಿತು.

ಮಾರನೇ ದಿನ ಕಾರ್ಯದರ್ಶಿ ನನ್ನನ್ನು ಬೆಣ್ಣೆ ದೋಸೆಗೆ ಕರೆದ. ದಾವಣಗೆರೆಯಲ್ಲಿ ಯಾರಾದರೂ ತಾವಾಗಿ ಬೆಣ್ಣೆ ದೋಸೆ ಕೊಡಿಸುತ್ತಾರೆ ಅಂದರೆ ಒಂದೋ ಸಾಲ, ಇಲ್ಲಾ ಸಾಕ್ಷಿ ಸೈನು. ಒಲೆಯ ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಾ ಕೂತೆ. ಚೀಲದಿಂದ ಸಮಿತಿಯ ಲೆಟರ್‌ಹೆಡ್ ತೆಗೆದು ಮುಂದಿಟ್ಟ. ಮೇಲೆ ನನ್ನ ಹೆಸರು ಕೆಂಪಕ್ಷರದಲ್ಲಿ. ಕೆಳಗೆಲ್ಲಾ ಬಿಳಿ.

"ಏನಪ್ಪಾ, ಏನೂ ಬರೆದೇ ಇಲ್ಲ?"

"ಬರೀತೀವಿ ಬಿಡ್ರಿ ಮೇಷ್ಟ್ರೇ. ನೀವೊಂದು ಸೈನ್ ಹಾಕ್ರಿ ಸಾಕು."

ಆಗ ಹೊಳೆಯಿತು, ಇದು ಸಾಕ್ಷಾತ್ ಕಮ್ಯುನಿಸ್ಟ್ ರಾಷ್ಟ್ರದ ಮುಖ್ಯಸ್ಥನ ಹುದ್ದೆ ಅಂತ. ಸೋವಿಯತ್ ಒಕ್ಕೂಟದಲ್ಲಿ ಅದಕ್ಕೆ 'ಸುಪ್ರೀಂ ಸೋವಿಯತ್ತಿನ ಪ್ರಿಸೀಡಿಯಮ್ ಅಧ್ಯಕ್ಷ' ಅಂತ ಹೆಸರಿತ್ತು, ಅಂದರೆ ಅಲ್ಲಿನ ಸಂಸತ್ತಿನ ಮಂಡಳಿಗೆ ಅಧ್ಯಕ್ಷ. ಒಂದೇ ಉಸಿರಿಗೆ ಹೇಳೋಕಾಗಲ್ಲ. ಕೆಲಸ ಮಾತ್ರ ಹಗುರ: ಹೊರದೇಶದ ರಾಯಭಾರಿಗಳ ಪತ್ರ ಇಸಿದುಕೊಳ್ಳೋದು, ಪದಕ ಚುಚ್ಚೋದು, ಬೇರೆಯವರು ಬರೆದ ಹಾಳೆಗೆ ರುಜು ಹಾಕೋದು. ಕೀಲಿಕೈ ಗೊಂಚಲು ಪಕ್ಷದ ಕಾರ್ಯದರ್ಶಿ ಹತ್ತಿರ. ಸ್ಟಾಲಿನ್ 1922ರಲ್ಲಿ ಪ್ರಧಾನ ಕಾರ್ಯದರ್ಶಿ ಆದವನು ಸಾಯೋತನಕ ರಾಷ್ಟ್ರದ ಮುಖ್ಯಸ್ಥನಾಗಲೇ ಇಲ್ಲ. ಪ್ರಧಾನಿ ಆಗಿದ್ದೂ 1941ರಲ್ಲಿ. ಅದುವರೆಗೆ ಅಷ್ಟೆಲ್ಲಾ ನಡೆಸಿದ್ದು ಬರೀ ಕಾರ್ಯದರ್ಶಿಯಾಗಿ! ಮುಂದೆ ಅದೇ ಕಾರ್ಯದರ್ಶಿ ಸ್ಥಾನಕ್ಕೆ ಬಂದ ಬ್ರೆಝ್ನೆವ್‌ಗೆ ಮಾತ್ರ ಫ್ಲೆಕ್ಸಿನ ಮೇಲೆ ತನ್ನದೇ ಫೋಟೊ ದೊಡ್ಡದಾಗಿರಬೇಕು ಅನಿಸಿತೇನೋ, 1977ರಲ್ಲಿ ರಾಷ್ಟ್ರದ ಮುಖ್ಯಸ್ಥನಾಗಿದ್ದ ಪೊದ್ಗೊರ್ನಿಯನ್ನು ಎಬ್ಬಿಸಿ ಆ ಕುರ್ಚಿಯಲ್ಲೂ ತಾನೇ ಕೂತ. ಷಿ ಸಾಹೇಬರ ವಿಷಯವೂ ಅಷ್ಟೇ. ಮಾರ್ಚಿನ ಆ ಸೊನ್ನೆ ಬರೀ ತೋರಣ. ಅಸಲಿ ತೀರ್ಮಾನ ಹಿಂದಿನ ಅಕ್ಟೋಬರಿನಲ್ಲೇ, ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನ ಮೂರನೇ ಸಲ ಸಿಕ್ಕಾಗಲೇ, ಮುಗಿದಿತ್ತು.

ದೋಸೆ ಬಂತು. ಹಾಳೆಯನ್ನು ಪಕ್ಕಕ್ಕೆ ಸರಿಸಿದೆ.

ಗೌರವಾಧ್ಯಕ್ಷರಲ್ಲೇ ಗೌರವಾಧ್ಯಕ್ಷ ಯಾರು ಅಂದರೆ ಉತ್ತರ ಕೊರಿಯಾದ ಕಿಮ್ ಇಲ್ ಸುಂಗ್. ಸತ್ತಿದ್ದು 1994ರಲ್ಲಿ. 1998ರಲ್ಲಿ ಸಂವಿಧಾನವನ್ನೇ ತಿದ್ದಿ ಅವನನ್ನು 'ಶಾಶ್ವತ ರಾಷ್ಟ್ರಾಧ್ಯಕ್ಷ' ಮಾಡಿದರು. ನಮ್ಮ ಕರಪತ್ರಗಳಲ್ಲೂ 'ದಿ.' ಹಾಕಿ ಸಂಸ್ಥಾಪಕರ ಫೋಟೊ ಮೇಲೆ ಇಡುತ್ತೇವೆ, ಸರಿ. ಆದರೆ ಅವರನ್ನು ಪದಾಧಿಕಾರಿ ಅಂತ ಎಣಿಸೋದಿಲ್ಲ. ಇನ್ನು ರಾಯಭಾರಿಗಳು ಪತ್ರ ಕೊಡೋದು ಯಾರಿಗೆ? ಅದಕ್ಕೆ ಕಿಮ್ ಯಾಂಗ್ ನಾಮ್ ಅನ್ನುವ ಇನ್ನೊಬ್ಬ ಹಿರಿಯರನ್ನು ಇಟ್ಟರು, 2019ರವರೆಗೆ. ಅಧಿಕಾರ ಮಗನ ಕೈಲಿ, ಆಮೇಲೆ ಮೊಮ್ಮಗನ ಕೈಲಿ. ಸಮಾಜವಾದ!

ರೊಮೇನಿಯಾದ ಚೌಶೆಸ್ಕು ಇನ್ನೂ ರಸಿಕ. 1974ರಲ್ಲಿ ತನಗೇ ಅಂತ ರಾಷ್ಟ್ರಾಧ್ಯಕ್ಷ ಹುದ್ದೆ ಮಾಡಿಸಿಕೊಂಡು, ಪದಗ್ರಹಣದ ದಿನ ಕೈಯಲ್ಲಿ ರಾಜದಂಡ ಹಿಡಿದ. ಕಾರ್ಮಿಕರ ರಾಜ್ಯ, ಕೈಯಲ್ಲಿ ದಂಡ! ಚಿತ್ರಕಾರ ಸಾಲ್ವಡಾರ್ ಡಾಲಿ ಲೇವಡಿಗೆಂದೇ ಅಭಿನಂದನೆಯ ತಂತಿ ಕಳಿಸಿದ. ಪಕ್ಷದ ಪತ್ರಿಕೆ ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿತು. ಹೊಗಳಿಕೆ ಯಾವುದು, ಉಗಿಯೋದು ಯಾವುದು ಅಂತ ಗೊತ್ತಾಗದ ಹಾಗೆ ಊರನ್ನು ಇಟ್ಟರೆ ಹೀಗೇ ಆಗೋದು. ಈ ಅಂಕಣವನ್ನೂ ನಮ್ಮ ಕಾರ್ಯದರ್ಶಿ ಗ್ರೂಪಿಗೆ ಹಾಕಿದರೆ ನನಗೆ ಆಶ್ಚರ್ಯವಿಲ್ಲ.

ಸೋವಿಯತ್ತಿನ ಕಲಿನಿನ್ ಕಥೆಗೆ ಬಂದರೆ ಮಾತ್ರ ನಗು ಗಂಟಲಲ್ಲೇ ನಿಲ್ಲುತ್ತದೆ. ರೈತನ ಮಗ, ಕಾರ್ಖಾನೆಯಲ್ಲಿ ಲೇತ್ ನಡೆಸಿದವನು, ಮೇಕೆ ಗಡ್ಡ. 1919ರಿಂದ 1946ರವರೆಗೆ ಮೊದಲು ರಷ್ಯಾಕ್ಕೆ, ಆಮೇಲೆ ಇಡೀ ಒಕ್ಕೂಟಕ್ಕೆ ಅವನೇ ಮುಖ್ಯಸ್ಥ. ಜನ ಅವನನ್ನು ಒಕ್ಕೂಟದ ಊರಗೌಡ ಅನ್ನುತ್ತಿದ್ದರು. ಹಳ್ಳಿಗಳಿಂದ ಅರ್ಜಿ ಹಿಡಿದು ಅವನ ಬಾಗಿಲಿಗೇ ಬರುತ್ತಿದ್ದರು. ಆ ಗೌಡನ ಹೆಂಡತಿಯನ್ನೇ 1938ರಲ್ಲಿ ಹಿಡಿದೊಯ್ದು ಲೇಬರ್ ಕ್ಯಾಂಪಿಗೆ ಹಾಕಿದರು. ಸುಮಾರು ಏಳು ವರ್ಷ. ಈತ ಆ ಏಳೂ ವರ್ಷ ರಾಷ್ಟ್ರದ ಮುಖ್ಯಸ್ಥನೇ, ಪದಕ ಚುಚ್ಚುತ್ತಲೇ ಇದ್ದ. 1945ರಲ್ಲಿ ಆಕೆಯನ್ನು ಬಿಟ್ಟರು, ಮರುವರ್ಷ ಈತ ಸತ್ತ. ಒಂದು ಊರಿಗೆ ಕಲಿನಿನ್‌ಗ್ರಾಡ್ ಅಂತ ಹೆಸರಿಟ್ಟರು.

ಇಷ್ಟಕ್ಕೇ ಕನಿಕರಪಡೋಣ ಅಂದರೆ ಅದಕ್ಕೂ ಬಿಡೋದಿಲ್ಲ. 1940ರ ಮಾರ್ಚಿನಲ್ಲಿ ಸಾವಿರಾರು ಪೋಲಿಷ್ ಕೈದಿಗಳನ್ನು ಗುಂಡಿಕ್ಕುವ ಪ್ರಸ್ತಾವದ ಹಾಳೆ ಇದೆಯಲ್ಲ, ಅದರ ಅಂಚಿನಲ್ಲಿ 'ಕಲಿನಿನ್ – ಪರ' ಅಂತಿದೆ. ಅದು ಅವನ ರುಜುವೂ ಅಲ್ಲ, ಬೇರೆಯವರು ಬರೆದುಕೊಂಡದ್ದು. ಸೈನಿನ ಹಂಗೂ ಬೇಡವಾಗಿತ್ತು ಅವರಿಗೆ.

ಚೀನಾದ ಲಿಯು ಶಾವೊಚಿ 1959ರಿಂದ ರಾಷ್ಟ್ರಾಧ್ಯಕ್ಷ. ಮಾವೊ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿಯ ಹುಡುಗರು ಎಳೆದಾಡಿದಾಗ ಸಂವಿಧಾನದ ಪುಸ್ತಕ ಹಿಡಿದು, ನಾನು ಈ ದೇಶದ ಅಧ್ಯಕ್ಷ ಅಂದ. ಹೊಡೆದರು. 1969ರಲ್ಲಿ ಕೈಫೆಂಗ್‌ನಲ್ಲಿ ಔಷಧಿಯಿಲ್ಲದೆ ಸತ್ತ. ಸುಡುವಾಗ ಬರೆಸಿದ್ದು ಬೇರೆ ಹೆಸರು. ಉದ್ಯೋಗ: ಇಲ್ಲ. ಕೊನೆಗೆ 1975ರಲ್ಲಿ ಆ ಹುದ್ದೆಯನ್ನೇ ಸಂವಿಧಾನದಿಂದ ತೆಗೆದರು, 1982ರಲ್ಲಿ ಮತ್ತೆ ತಂದರು. ಅದೇ ಕುರ್ಚಿಗೆ ಇವತ್ತು 2,952 ಚಪ್ಪಾಳೆ, ಅದಕ್ಕೆ ನಮ್ಮ ಬೀದಿಯಿಂದ ಎರಡು ಡಜನ್ ಹೆಬ್ಬೆಟ್ಟು. ನಾಚಿಕೆ ಆಗಬೇಕು ಕಣ್ರಯ್ಯ. ಒಬ್ಬನೂ ಬೇಡ ಅನ್ನದ ಕಡೆ ಯಾರೂ ಸುಖವಾಗಿಲ್ಲ, ಕುರ್ಚಿಯಲ್ಲಿ ಕೂತವನೂ ಸುಖವಾಗಿಲ್ಲ ಅನ್ನೋದು ಇಷ್ಟು ವಯಸ್ಸಾದವರಿಗೂ ಹೇಳಿಕೊಡಬೇಕಾ?

ಕೆಂಪು ಬಾವುಟ ನಮಗೆ ಹೊಸದಲ್ಲ. ಇದು ಹತ್ತಿ ಗಿರಣಿಗಳ ಊರು. ಗೇಟ್ ಮೀಟಿಂಗು, ಮುಷ್ಕರ ನೋಡಿಕೊಂಡೇ ಬೆಳೆದವರು ನಾವು. ಕಾಮ್ರೇಡ್ ಪಂಪಾಪತಿಯವರನ್ನು ಸಿಪಿಐನಿಂದ ಮೂರು ಸಲ ಶಾಸಕರನ್ನಾಗಿ ಕಳಿಸಿದ ಊರಿದು. ಅವರೂ ಮನೆಮನೆಗೆ ಬಂದು ಓಟು ಕೇಳಿದವರೇ, ಎದುರಾಳಿ ಇದ್ದ ಚುನಾವಣೆಯಲ್ಲಿ ಗೆದ್ದವರೇ. ಇನ್ನು ನಮ್ಮ ರಾಷ್ಟ್ರಪತಿ ಭವನವೂ ಏನು ಕಮ್ಮಿ ಇಲ್ಲ ಅನ್ನಿ. 1975ರ ಜೂನ್ 25ರ ರಾತ್ರಿ ಸಂಪುಟ ಸಭೆಯೇ ಸೇರದೆ ಬಂದ ತುರ್ತು ಪರಿಸ್ಥಿತಿಯ ಹಾಳೆಗೆ ರುಜು ಬಿದ್ದಿತ್ತು. ಆದರೆ 1977ರಲ್ಲಿ ಆ ಸರ್ಕಾರವನ್ನು ಓಟು ಹಾಕಿ ಇಳಿಸೋಕಾದರೂ ಆಯಿತು.

ಇದನ್ನೆಲ್ಲಾ ಕಾರ್ಯದರ್ಶಿಗೆ ಹೇಳಿದೆ. ಶ್ರದ್ಧೆಯಿಂದ ತಲೆಯಾಡಿಸಿ ಎರಡನೇ ದೋಸೆ ಮುಗಿಸಿದ.

"ಮೊದಲು ರಸೀದಿ ಪುಸ್ತಕ ತೋರಿಸಪ್ಪ, ಆಮೇಲೆ ಸೈನು."

"ನೀವು ಗೌರವಾಧ್ಯಕ್ಷರು. ನಿಮಗ್ಯಾಕ್ರಿ ಮೇಷ್ಟ್ರೇ ಆ ತಲೆನೋವು?"

ಹಾಳೆಯ ಮೇಲೆ ನನ್ನ ತಟ್ಟೆಯಿಟ್ಟೆ, ಬೇಕಂತಲೇ. ಬೆಣ್ಣೆ ಇಳಿದು ನನ್ನ ಕೆಂಪು ಹೆಸರು ಅರ್ಧ ಪಾರದರ್ಶಕವಾಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಕೈತೊಳೆದು ಬಂದು, ಪಂಚೆಗೆ ಒರೆಸಿಕೊಂಡು, ಚೀಲಕ್ಕೆ ಕೈ ಹಾಕಿದ.

"ಇರ್ಲಿ ಬಿಡ್ರಿ. ಐದು ಹಾಳೆ ತಂದೀನಿ."