ಕತ್ತರಿಸುವುದೊಂದನ್ನು ಬಿಟ್ಟು

ಮೇಜಿನ ಮೇಲೆ ಎರಡು ಹೊಸ ಮಡಚುವ ಚಾಕುಗಳಿವೆ. ಎರಡೂ ಇನ್ನೂ ಏನನ್ನೂ ಕತ್ತರಿಸಿಲ್ಲ. ಅವು ಬಂದ ಪೆಟ್ಟಿಗೆಯನ್ನು ಕೊಯ್ದದ್ದು ಮೂರನೆಯ ಚಾಕು, ಹಳೆಯದು. ಹೊಸ ಚಾಕುಗಳ ಪೆಟ್ಟಿಗೆ ಬಿಚ್ಚಲೆಂದೇ ಅದನ್ನು ಇಟ್ಟುಕೊಂಡಿರುವುದು. ಹೊಸದರಿಂದ ಟೇಪ್ ಕೊಯ್ದರೆ ಅಲಗಿಗೆ ಅಂಟು ಹತ್ತುತ್ತದೆ. ಅಂಟು ಹತ್ತಿದರೆ ಅದು 'ಬಳಸಿದ ಚಾಕು' ಆಗಿಬಿಡುತ್ತದೆ. ಚಾಕುಪ್ರಿಯರ ಲೋಕದಲ್ಲಿ ಇದಕ್ಕಿಂತ ದೊಡ್ಡ ಕಳಂಕ ಇನ್ನೊಂದಿಲ್ಲ.

ಒಂದಕ್ಕೆ ಟೈಟಾನಿಯಮ್ ಹಿಡಿ. ಬೆನ್ನಲ್ಲಿರುವ ಸಣ್ಣ ಮೀಟನ್ನು ಬೆರಳಿನಿಂದ ಒತ್ತಿದರೆ ಅಲಗು ಚಟ್ಟನೆ ಚಿಮ್ಮಿ ಲಾಕ್ ಆಗುತ್ತದೆ. ಇನ್ನೊಂದು ಹಳೇ ಕಾಲದ್ದು. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ, ಎರಡೂ ಕೈ ಹಾಕಿ ಎಳೆದು ಬಿಚ್ಚಬೇಕು. ಅದಕ್ಕೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಹಿಡಿದಷ್ಟೇ ಹಿಡಿತ. ಒಂದು ಕೆಲಸಕ್ಕೆ, ಇನ್ನೊಂದು ಖುಷಿಗೆ ಅಂತ ತರಿಸಿದ್ದು. ಯಾವುದು ಯಾವುದಕ್ಕೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಕೆಲಸ ಅಂತ ಯಾವುದೂ ಇಲ್ಲವಲ್ಲ.

ಹೊಸ ಚಾಕುವಿನ ಮೊದಲ ಅನಿಸಿಕೆ ಹೇಳುವುದಕ್ಕೂ ಒಂದು ಶಾಸ್ತ್ರ ಇದೆ. ಮೊದಲು ಚಾಕುವನ್ನು ಮುಚ್ಚಬೇಕು. ಹೌದು, ಮುಚ್ಚಬೇಕು. ಮುಚ್ಚಿ, ಬೆಳಕಿಗೆ ಹಿಡಿದು, ಅಲಗು ಹಿಡಿಯ ಎರಡು ಗೋಡೆಗಳ ಸರಿಯಾಗಿ ನಡುವೆ ಕೂತಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಬೇಕು. ಇದಕ್ಕೆ ಸೆಂಟರಿಂಗ್ ಅನ್ನುತ್ತಾರೆ. ಕೂದಲೆಳೆಯಷ್ಟು ಆ ಕಡೆ ವಾಲಿದ್ದರೂ ಮುಗೀತು, ಮನೆಯಲ್ಲಿ ಸೂತಕದ ಕಳೆ. ಚಾಕು ಚೆನ್ನಾಗಿದೆಯೋ ಇಲ್ಲವೋ ಎಂಬ ಮೊದಲ ತೀರ್ಪು ಹೊರಬೀಳುವುದು, ಅದು ಯಾವ ಕಾರಣಕ್ಕೂ ಏನನ್ನೂ ಕತ್ತರಿಸಲಾರದ ಸ್ಥಿತಿಯಲ್ಲಿ ಇರುವಾಗ.

ಆಮೇಲೆ ಸದ್ದು. ಟೈಟಾನಿಯಮ್ ಚಾಕು ಬಿಚ್ಚಿಕೊಂಡಾಗ 'ಟಕ್' ಅನ್ನಬೇಕು. 'ಟಿಕ್' ಅಂದರೆ ಸಾಲದು. ಲಾಕ್ ಬಿಟ್ಟ ತಕ್ಷಣ ಅಲಗು ತನ್ನ ಭಾರಕ್ಕೆ ತಾನೇ ಇಳಿದು ಮುಚ್ಚಿಕೊಂಡರೆ ಅದು ಉತ್ತಮ ಕುಲದ್ದು. ಬೆರಳು ನಡುವೆ ಸಿಕ್ಕರೆ? ಅದು ಬೆರಳಿನ ತಪ್ಪು. ಹಳೇ ಕಾಲದ ಸ್ಪ್ರಿಂಗ್ ಚಾಕುವಿಗೆ ಬೇರೆಯೇ ಪರೀಕ್ಷೆ. ಅದು ನಡೆಯಬೇಕಂತೆ, ಮಾತಾಡಬೇಕಂತೆ. ಅಂದರೆ ಅಲಗು ಬಿಗಿಯಾಗಿ, ನಯವಾಗಿ ತಿರುಗಬೇಕು, ಕೊನೆಗೆ ಗಟ್ಟಿಯಾಗಿ 'ಕಟಕ್' ಅನ್ನಬೇಕು. ನಡೆಯುವ, ಮಾತಾಡುವ ಚಾಕು ಬೇಕು ಎನ್ನುವವರು ಅದು ಕತ್ತರಿಸಲೂಬೇಕು ಅಂತ ಎಲ್ಲೂ ಪಟ್ಟು ಹಿಡಿದದ್ದು ನಾನು ಕಾಣೆ.

ಚಾಕುವನ್ನು ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪಿನದ್ದು ಇನ್ನೊಂದು ಕಥೆ. ಚಾಕು ಜೇಬಿನಲ್ಲಿ ಇದೆಯೆಂದು ಯಾರಿಗೂ ಕಾಣಬಾರದು. ಅದಕ್ಕೇ ಕ್ಲಿಪ್ ಆಳವಾಗಿ ಇಳಿಯಬೇಕು. ಹಾಗೆ ಗುಟ್ಟಾಗಿ ಇಳಿಸಿಕೊಂಡ ಮೇಲೆ ಜೇಬಿನ ಫೋಟೋ ತೆಗೆದು ಊರಿಗೆಲ್ಲ ತೋರಿಸಬೇಕು.

ಈಗ ಉಕ್ಕಿಗೆ ಬರೋಣ. ಜಾತಕ ಕೂಡಿಸುವುದು ಇಲ್ಲೇ. ಟೈಟಾನಿಯಮ್ ಹಿಡಿಯದ್ದು ಎಸ್30ವಿ ಉಕ್ಕು. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ತಂದದ್ದು. ಇಂಗಾಲ ಶೇ. 1.45, ಕ್ರೋಮಿಯಮ್ ಶೇ. 14, ವನೇಡಿಯಮ್ ಶೇ. 4. ತಮ್ಮ ರಕ್ತದ ಗುಂಪು ಕೇಳಿದರೆ ತಡವರಿಸುವವರೂ ಈ ಲೆಕ್ಕವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ವನೇಡಿಯಮ್ ಇಂಗಾಲದ ಜೊತೆ ಸೇರಿ ಬಹಳ ಗಟ್ಟಿಯಾದ ಕಣಗಳಾಗುತ್ತವೆ. ಅದರಿಂದ ಹರಿತ ಬೇಗ ಹೋಗುವುದಿಲ್ಲ. ಅದೇ ಕಾರಣಕ್ಕೆ, ಒಮ್ಮೆ ಹೋದರೆ ಸಾಮಾನ್ಯ ಸಾಣೆಕಲ್ಲಿಗೆ ಅಷ್ಟು ಸುಲಭವಾಗಿ ಬಗ್ಗುವುದೂ ಇಲ್ಲ. ಇದಕ್ಕೆ ಚಾಕುಪ್ರಿಯರು ಕಂಡುಕೊಂಡ ಪರಿಹಾರ ಬಹಳ ಜಾಣತನದ್ದು: ಬಳಸದೇ ಇರುವುದು.

ಗಡಸುತನ ಅಂತ ಇನ್ನೊಂದು ಅಂಕಿ ಇದೆ, ರಾಕ್‌ವೆಲ್ ಸಿ. ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಉಕ್ಕಿನ ಮೇಲೆ ಒತ್ತಿ, ಅದು ಎಷ್ಟು ಆಳ ಇಳಿಯಿತು ಅಂತ ಅಳೆಯುತ್ತಾರೆ. ಅಂದರೆ ಚಾಕು ಬೇರೆಯದಕ್ಕೆ ಏನು ಮಾಡುತ್ತದೆ ಅನ್ನುವುದಲ್ಲ, ಬೇರೆಯದು ಚಾಕುವಿಗೆ ಏನು ಮಾಡುತ್ತದೆ ಅನ್ನುವುದರ ಅಳತೆ. 60 ಬಂದರೆ ಸಂಭ್ರಮ, 58 ಬಂದರೆ ಮುಖ ಸಣ್ಣಗೆ. ಆ ಎರಡು ಅಂಕದ ವ್ಯತ್ಯಾಸಕ್ಕೆ ಜಗಳವಾಡಿ ಮಾತು ಬಿಟ್ಟವರಿದ್ದಾರೆ.

ನಿಜವಾಗಿ ಕತ್ತರಿಸಿ ನೋಡುವವರು ಯಾರೂ ಇಲ್ಲವೇ ಅಂದರೆ, ಇದ್ದಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕಾಟ್ರಾ ಎಂಬ ಸಂಸ್ಥೆ ಇದೆ. ಸಿಲಿಕಾ ಬೆರೆಸಿದ ಕಾರ್ಡುಗಳ ಕಟ್ಟನ್ನು ಅಲಗಿನ ಮೇಲಿಟ್ಟು, ಒಂದೇ ಒತ್ತಡದಲ್ಲಿ ಮತ್ತೆ ಮತ್ತೆ ಆಡಿಸಿ, ಎಷ್ಟು ಕಾರ್ಡು ಕೊಯ್ದಿತು ಅಂತ ಲೆಕ್ಕ ಹಾಕುತ್ತಾರೆ. ಆದರೆ ಅದನ್ನು ಮಾಡುವುದು ಯಂತ್ರ. ಕತ್ತರಿಸುವ ಕೆಲಸವನ್ನು ಯಂತ್ರಕ್ಕೆ ಹೊರಗುತ್ತಿಗೆ ಕೊಟ್ಟು, ಚಾಕು ಇರುವ ಮನುಷ್ಯರು ಮುಚ್ಚುವುದು, ಬಿಚ್ಚುವುದು ಮಾತ್ರ ತಮಗೆ ಇಟ್ಟುಕೊಂಡಿದ್ದಾರೆ.

ಮನೆಯಲ್ಲಿ ನಡೆಯುವ ಪರೀಕ್ಷೆಗಳು ಎರಡು. ಒಂದು, ಕಾಗದವನ್ನು ಗಾಳಿಯಲ್ಲಿ ಹಿಡಿದು ಸೀಳುವುದು. ಇನ್ನೊಂದು, ಮುಂಗೈ ಕೂದಲು ಬೋಳಿಸುವುದು. ಜನಜಂಗುಳಿಯಲ್ಲಿ ಚಾಕುಪ್ರಿಯರನ್ನು ಗುರುತಿಸಬೇಕಾದರೆ ಜೇಬು ನೋಡಬೇಡಿ, ಕ್ಲಿಪ್ ಆಳವಾಗಿರುತ್ತದೆ. ಎಡಗೈ ನೋಡಿ. ಅಲ್ಲಲ್ಲಿ ಚೌಕ ಚೌಕವಾಗಿ ನುಣ್ಣಗಿದ್ದರೆ ಅವರೇ.

ಇಷ್ಟೆಲ್ಲ ಆದಮೇಲೂ ಒಂದು ಸೇಬು ಕೊಟ್ಟು ನೋಡಿ. ಸುಮ್ನೆ, ತಮಾಷೆಗೆ. ಇಂಥ ಚಾಕುಗಳ ಅಲಗಿನ ಬೆನ್ನು 4 ಮಿಲಿಮೀಟರ್‌ವರೆಗೂ ದಪ್ಪ ಇರುತ್ತದೆ. ಬಾಗಿಲು ಮೀಟುವ ಸಂದರ್ಭ ಬಂದರೆ ಇರಲಿ ಅಂತ. ಅಂಚು ಎಷ್ಟೇ ಹರಿತವಿರಲಿ, ಅದರ ಹಿಂದಿನ ಉಕ್ಕು ದಪ್ಪಗಿದ್ದರೆ ಸೇಬು ಕತ್ತರಿಸಿಕೊಳ್ಳುವುದಿಲ್ಲ, ಸೌದೆಗೆ ಬೆಣೆ ಹೊಡೆದ ಹಾಗೆ ಲಟಕ್ಕೆಂದು ಸೀಳುತ್ತದೆ. ಅಡುಗೆಮನೆಯ ತೆಳ್ಳನೆ ಚಾಕು, ಹೆಸರಿಲ್ಲದ ಉಕ್ಕಿನದು, ಇದೇ ಸೇಬನ್ನು ಬೆಳಕು ಕಾಣುವಷ್ಟು ತೆಳ್ಳಗೆ ಹೆಚ್ಚುತ್ತದೆ. ಕತ್ತರಿಸುವುದರಲ್ಲಿ ಉಕ್ಕಿನ ಹೆಸರಿಗಿಂತ ಅಲಗಿನ ಆಕಾರದ ಪಾಲೇ ಜಾಸ್ತಿ. ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಳ್ಳೋಕಾಗಲ್ಲ ಅನ್ನುತ್ತದೆ ಗಾದೆ. ಟೈಟಾನಿಯಮ್ ಚೂರಿಯನ್ನು ಹಣ್ಣಿಗೂ ಚುಚ್ಚೋಕಾಗಲ್ಲ, ಅಲ್ವಾ?

ಬಾಗಿಲು ಮೀಟುವ ವಿಷಯ ಬಂತಲ್ಲ, ವಾರಂಟಿ ಕಾಗದ ಓದಿ. ಮೀಟಿದರೆ ವಾರಂಟಿ ಇಲ್ಲ.

ಈ ಹುಚ್ಚು ಕೊಳ್ಳುವವರಿಗಷ್ಟೇ ಅಂತ ನಗುವ ಹಾಗಿಲ್ಲ. ಸರ್ಕಾರಗಳಿಗೂ ಇದೇ ಹಿಡಿದಿದೆ. ಅವೂ ನಮ್ಮ ಹಾಗೆಯೇ ಚಾಕುವನ್ನು ಕೈಗೆತ್ತಿಕೊಂಡು, ಮುಚ್ಚಿ, ಬಿಚ್ಚಿ, ಸದ್ದು ಕೇಳುತ್ತವೆ. ನಾವು ನೂರಕ್ಕೆ ನೂರು ಕೊಟ್ಟದ್ದಕ್ಕೆ ಅವು ಜೈಲು ಕೊಡುತ್ತವೆ, ಅಷ್ಟೇ ವ್ಯತ್ಯಾಸ.

ಬ್ರಿಟನ್ನಿನ 1988ರ ಕಾನೂನಿನ ಪ್ರಕಾರ 3 ಇಂಚು ಮೀರದ ಅಂಚಿನ ಮಡಚುವ ಜೇಬುಚಾಕುವನ್ನು ಕಾರಣ ಹೇಳದೆ ಒಯ್ಯಬಹುದು. ಮುಂದೆ ಕೋರ್ಟು, ಲಾಕ್ ಆಗುವ ಚಾಕು ಈ ಲೆಕ್ಕಕ್ಕೆ ಬರುವುದಿಲ್ಲ ಅಂದಿತು. ಲಾಕ್ ಇರುವುದು ಯಾಕೆ? ಅಲಗು ಹಿಂದಕ್ಕೆ ಮಡಚಿ ಬೆರಳು ಕತ್ತರಿಸದಿರಲಿ ಅಂತ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ರೈತರ ಜೇಬಿನಲ್ಲಿತ್ತು. 1955ರಲ್ಲಿ ಅದಕ್ಕೆ ತಿರುಗಿಸುವ ಬಳೆಯೊಂದನ್ನು ಹಾಕಿ ಅಲಗು ಭದ್ರ ಮಾಡಿದರು. ಆ ಬಳೆ ಬಿದ್ದ ಚಾಕುವನ್ನು ಬ್ರಿಟನ್ನಿನ ಬೀದಿಯಲ್ಲಿ ಒಯ್ಯಲು ಸಕಾರಣ ಬೇಕು. ಬೆರಳು ಉಳಿಸಿಕೊಳ್ಳುವುದು ಸಕಾರಣವೋ ಅಲ್ಲವೋ, ವಕೀಲರನ್ನು ಕೇಳಬೇಕು.

ಸಮುದ್ರ ದಾಟಿ ಜರ್ಮನಿಗೆ ಬನ್ನಿ. ಅಲ್ಲಿ 2008ರಿಂದ ತಕರಾರು ಇರುವುದು ಒಂದೇ ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುವಿನ ಮೇಲೆ. ಎರಡು ಕೈ ಬೇಕಾದರೆ ಲಾಕ್ ಇದ್ದರೂ ಆ ಕಲಮು ಮುಟ್ಟುವುದಿಲ್ಲ. ಅಂದರೆ ಅಪರಾಧ ಇರುವುದು ಹೆಬ್ಬೆರಳಿನಲ್ಲಿ.

ಅಮೆರಿಕದ್ದು ಎಲ್ಲಕ್ಕಿಂತ ಸೊಗಸು. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಮಾರದಂತೆ 1958ರಲ್ಲಿ ಕಾನೂನು ಬಂತು. 2009ರಲ್ಲಿ ಅದಕ್ಕೊಂದು ತಿದ್ದುಪಡಿ: ಅಲಗಿಗೆ ಮುಚ್ಚಿಕೊಂಡಿರುವ ಕಡೆಗೇ ಒಲವಿದ್ದು, ಅದನ್ನು ಬೆರಳಿನಿಂದ ಚೂರು ತಳ್ಳಿದ ಮೇಲೆ ಬಿಚ್ಚಿಕೊಂಡರೆ ಪರವಾಗಿಲ್ಲ. ಅದೇ ವೇಗ, ಅದೇ 'ಟಕ್', ಆದರೆ ಸಭ್ಯ. ಉಕ್ಕಿನ ಒಲವು ಯಾವ ಕಡೆಗೆ ಅಂತ ಕೇಳಿ ತಿಳಿದುಕೊಂಡ ಸಂಸತ್ತು ಇದು. ಮೂಲ ಕಾನೂನಿನಲ್ಲೇ ಇನ್ನೊಂದು ವಿನಾಯಿತಿ ಇದೆ. ಒಂದೇ ತೋಳಿರುವ ವ್ಯಕ್ತಿ 3 ಇಂಚಿನವರೆಗಿನ ಚಿಮ್ಮುವ ಚಾಕು ಇಟ್ಟುಕೊಳ್ಳಬಹುದು. ಕರುಣೆ ನಿಜ, ಒಪ್ಪಿಕೊಳ್ಳೋಣ. ಆದರೆ ಕರುಣೆಗೂ ಸ್ಕೇಲ್ ಹಿಡಿದಿದ್ದಾರೆ. ಮೂರೂಕಾಲು ಇಂಚಾದರೆ ಎರಡನೇ ತೋಳು ತರಬೇಕು.

ನ್ಯೂಯಾರ್ಕಿನಲ್ಲಂತೂ 2019ರವರೆಗೆ ಪೊಲೀಸರ ಮಣಿಕಟ್ಟೇ ಕಾನೂನಾಗಿತ್ತು. ಮಣಿಕಟ್ಟು ಝಾಡಿಸಿದರೆ ಅಲಗು ಬಿಚ್ಚಿಕೊಳ್ಳುತ್ತದಾ? ಹಾಗಾದರೆ ಅದು ನಿಷೇಧಿತ ಚಾಕು. ಕೆಲಸಕ್ಕೆಂದು ಕೊಂಡ ಸಾಮಾನ್ಯ ಚಾಕು ಇಟ್ಟುಕೊಂಡವರೂ ಇದರಲ್ಲಿ ಸಿಕ್ಕಿಬಿದ್ದರು. ನಿಮ್ಮ ಕೈಯಲ್ಲಿ ಬಿಚ್ಚದ ಚಾಕು ಬಲವಾದ ಕೈಯ ಪೊಲೀಸಪ್ಪನ ಹತ್ತಿರ ಬಿಚ್ಚಿಕೊಂಡರೆ ತಪ್ಪಿತಸ್ಥರು ನೀವೇ. ಅಲಗು ತಿರುಗುವ ಕೀಲಿನ ಸ್ಕ್ರೂ ಸ್ವಲ್ಪ ಸಡಿಲಾಗಿದ್ದರೂ ಅಷ್ಟೇ.

ವಿಮಾನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2013ರ ಮಾರ್ಚ್‌ನಲ್ಲಿ, ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ನಡೆಸುವ ಟಿಎಸ್‌ಎ ಸಂಸ್ಥೆ, 6 ಸೆಂಟಿಮೀಟರ್ ಮೀರದ, ಲಾಕ್ ಇಲ್ಲದ ಪುಟ್ಟ ಚಾಕುಗಳನ್ನು ಕೈಚೀಲದಲ್ಲಿ ಬಿಡುತ್ತೇವೆ ಅಂತ ಘೋಷಿಸಿತು. ಗಗನಸಖಿಯರು ಸೇರಿ ಹಲವರು ಪ್ರತಿಭಟಿಸಿದರು, ಜೂನ್ ಹೊತ್ತಿಗೆ ಅದನ್ನು ಕೈಬಿಟ್ಟರು. ಚಾಕು ಬೇಡ ಅನ್ನುವುದು ನ್ಯಾಯವೇ. ಆದರೆ ಅದೇ ಸಾಲಿನಲ್ಲಿ 4 ಇಂಚಿಗಿಂತ ಕಡಿಮೆ ಅಲಗಿನ ಕತ್ತರಿ ಆರಾಮಾಗಿ ಒಳಗೆ ಹೋಗುತ್ತದೆ. ಅದಕ್ಕೆ ಅಲಗು ಎರಡಿದ್ದರೂ ಸೆಂಟರಿಂಗ್ ಸರಿ ಇರಬೇಕು.

ಹೀಗಾಗಿ ಈ ಜೋಡಿಯ ಬಗ್ಗೆ ಮೊದಲ ಅನಿಸಿಕೆ ಹೇಳುವುದು ಕಷ್ಟ. ಟೈಟಾನಿಯಮ್ ಚಾಕು ಅಭಿಮಾನಿಗಳಿಗೆ ಇಷ್ಟ, ಬ್ರಿಟನ್ನಿಗೂ ಜರ್ಮನಿಗೂ ಕಷ್ಟ. ಉಗುರು ಸಿಕ್ಕಿಸಿ ಬಿಚ್ಚುವ ಹಳೇ ಕಾಲದ ಸ್ಪ್ರಿಂಗ್ ಚಾಕು ಆ ಎರಡು ಕಡೆ ಪಾಸು, ವಿಮಾನದ ಬಾಗಿಲಲ್ಲಿ ಫೇಲು. ಎಲ್ಲ ದೇಶಗಳೂ ಒಟ್ಟಾಗಿ ಮೆಚ್ಚಬೇಕಾದರೆ ಚಾಕುವಿಗೆ ಲಾಕ್ ಇರಬಾರದು, ಒಂದು ಕೈಯಲ್ಲಿ ಬಿಚ್ಚಬಾರದು, ಸ್ಪ್ರಿಂಗ್ ಚಿಮ್ಮಬಾರದು, ಯಾವ ಪೊಲೀಸಪ್ಪ ಎಷ್ಟು ಝಾಡಿಸಿದರೂ ಜಗ್ಗಬಾರದು. ಅಂಥದ್ದೊಂದು ಇದೆ. ವರ್ಷಗಟ್ಟಲೆ ಎಣ್ಣೆ ಕಾಣದೆ, ತುಕ್ಕು ಹಿಡಿದು, ಅಲಗು ಹಿಡಿಗೇ ಕಚ್ಚಿಕೊಂಡ ಚಾಕು. ಸೆಂಟರಿಂಗ್ ಕೂಡ ಇನ್ನು ಯಾವತ್ತೂ ಕದಲುವುದಿಲ್ಲ. ಅಭಿಮಾನಿಗಳು ಮಾತ್ರ ಸದ್ದು ಸಾಲದು ಅಂತ ವಾಪಸ್ ಕಳಿಸುತ್ತಾರೆ.