ಕಾರು ನಿಂತಿದ್ದಾಗ ಆದ ನಷ್ಟ

ರ‍್ಯಾಲಿ ಎಂದರೆ ವೇಗದ ಆಟ ಎಂದು ನಂಬಿರುವವರು ಅದನ್ನು ಟಿವಿಯಲ್ಲಿ ಮಾತ್ರ ನೋಡಿದವರು. ಒಳಗೆ ಕೂತವರಿಗೆ ಗೊತ್ತು, ಅದು ಮುಖ್ಯವಾಗಿ ಕಾಯುವ ಆಟ. ಪರಿಶೀಲನೆಗೆ ಸಾಲು, ಸ್ಟೇಜ್ ಎಂದು ಕರೆಯುವ, ಗಡಿಯಾರ ಹಿಡಿದು ಓಡಿಸುವ ದಾರಿಯ ತುಂಡಿನ ಮುಂದೆ ಸಾಲು, ಇಂಧನಕ್ಕೆ ಸಾಲು. ನಡುನಡುವೆ ಅಷ್ಟಿಷ್ಟು ಓಟ. ವೃತ್ತಿಪರ ತಂಡಗಳು ಓಡುತ್ತಾ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಡಿದಾಡುತ್ತವೆ. ನಮ್ಮಂಥ ಹವ್ಯಾಸಿಗಳು ನಿಂತಲ್ಲೇ ನಿಮಿಷಗಟ್ಟಲೆ ಕಳೆದುಕೊಳ್ಳುತ್ತೇವೆ. ಕಳೆದ ಸ್ಪರ್ಧೆಯಲ್ಲಿ ನಮ್ಮ ನಷ್ಟದ ಬಹುಪಾಲು ಕಾರು ನಿಂತಿದ್ದಾಗಲೇ ಆಯಿತು ಎಂಬುದನ್ನು ಟೈಮ್ ಕಾರ್ಡ್ ಸಮೇತ ಸಾಬೀತುಪಡಿಸಬಲ್ಲೆ. ಸಾಬೀತುಪಡಿಸುವ ಅಗತ್ಯವೂ ಇದೆ. ಏಕೆಂದರೆ ಚಾಲಕರು ನನ್ನ ಭಾವ, ಏನೇ ಆದರೂ ಅವರ ವಿವರಣೆ ಒಂದೇ: "ನೋಟ್ಸ್ ತಡವಾಯಿತು." ನೋಟ್ಸ್ ಎಂದರೆ ಮುಂದೆ ಬರುವ ತಿರುವುಗಳ ಬರಹ. ಪಕ್ಕದಲ್ಲಿ ಕೂತು ಅದನ್ನು ಓದುವ ನ್ಯಾವಿಗೇಟರ್ ನಾನು.

ತಂಡದಲ್ಲಿ ಇನ್ನಿಬ್ಬರಿದ್ದಾರೆ. ಮೆಕ್ಯಾನಿಕ್ ಎಂದು ನಾವು ಕರೆಯುವ ಮನುಷ್ಯ ವಾರದ ದಿನಗಳಲ್ಲಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವವರು. ಅದೇ ಅಭ್ಯಾಸದಿಂದ ಕಾರಿನ ಪ್ರತಿಯೊಂದು ಸದ್ದನ್ನೂ ಅನುಮಾನದಿಂದ ಆಲಿಸಿ, ಪರಿಶೀಲನೆಗೆ ಇಟ್ಟುಕೊಂಡು, ತೀರ್ಮಾನವನ್ನು ಮುಂದಕ್ಕೆ ಹಾಕುತ್ತಾರೆ. ಇನ್ನೊಬ್ಬ ನನ್ನ ಸೋದರಳಿಯ, ಅಂದರೆ ಭಾವನ ಮಗ. ಜ್ಯಾಕ್, ಸ್ಪ್ಯಾನರ್ ಮತ್ತು ಉತ್ಸಾಹ, ಮೂರೂ ಅವನ ಸುಪರ್ದಿಯಲ್ಲಿವೆ. ಮೂರನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ಪರ್ಧೆಗೆ ಮುನ್ನ ಕಾರಿನ ಪರಿಶೀಲನೆ. ಸೀಟ್ ಬೆಲ್ಟಿನ ಅವಧಿ ಮುಗಿದಿದೆಯೇ, ಬೆಂಕಿ ಆರಿಸುವ ಸಿಲಿಂಡರನ್ನು ಎರಡು ವರ್ಷದೊಳಗೆ ತಪಾಸಣೆ ಮಾಡಿಸಿದ್ದೀರಾ, ಹೆಲ್ಮೆಟ್ಟಿನ ಒಳಗೆ ಮಾನ್ಯತೆಯ ಚೀಟಿ ಇದೆಯೇ ಎಂದು ಅಧಿಕಾರಿ ಬಗ್ಗಿ ಬಗ್ಗಿ ಓದುತ್ತಾರೆ. ನಮ್ಮದೆಲ್ಲ ಸರಿಯಾಗಿತ್ತು. ಸಿಕ್ಕಿಬಿದ್ದದ್ದು ಬೆಲ್ಟ್ ಕತ್ತರಿಸುವ ಚಾಕುವಿನಲ್ಲಿ. ಬೆಲ್ಟ್ ಬಿಗಿದು ಕೂತಲ್ಲಿಂದಲೇ ಇಬ್ಬರಿಗೂ ಅದು ಕೈಗೆಟುಕಬೇಕು ಎಂಬುದು ನಿಯಮ. "ಮುಟ್ಟಿ ತೋರಿಸಿ" ಎಂದರು ಅಧಿಕಾರಿ. ಭಾವ ಉಸಿರು ಬಿಗಿಹಿಡಿದು ಕೈ ಚಾಚಿದರು. ಬೆರಳ ತುದಿಗೂ ಚಾಕುವಿಗೂ ನಡುವೆ ಒಂದು ಗೇಣು ಉಳಿಯಿತು. ಕಳೆದ ವರ್ಷ ಎಟುಕುತ್ತಿತ್ತು ಎಂದು ಅವರು ವಾದಿಸಿದರು. ಕಳೆದ ವರ್ಷದಿಂದ ಚಾಕು ಅಲ್ಲೇ ಇದೆ, ಬದಲಾದದ್ದು ಬೇರೆ ಏನೋ ಎಂದು ಹೇಳುವ ಧೈರ್ಯ ಸುತ್ತ ನಿಂತ ಯಾರಿಗೂ ಇರಲಿಲ್ಲ. ಮೆಕ್ಯಾನಿಕ್ ಸುಮ್ಮನೆ ಕ್ಲಾಂಪ್ ಬಿಚ್ಚಿ ಚಾಕುವನ್ನು ಹತ್ತಿರಕ್ಕೆ ತಂದರು. ನಾವು ಸಾಲಿನ ಕೊನೆಗೆ ಹೋದೆವು.

ಮುಂದಿನದು ರೆಕ್ಕಿ. ಸ್ಟೇಜಿನ ದಾರಿಯನ್ನು ಮೊದಲೇ ಸಾಮಾನ್ಯ ಕಾರಿನಲ್ಲಿ, ಮಿತಿಯ ವೇಗದಲ್ಲಿ ನೋಡಿಬರುವ ಕೆಲಸ. ಮೊದಲ ಸುತ್ತಿನಲ್ಲಿ ಚಾಲಕ ಹೇಳಬೇಕು, ನ್ಯಾವಿಗೇಟರ್ ಬರೆಯಬೇಕು. ಎರಡನೆಯದರಲ್ಲಿ ನ್ಯಾವಿಗೇಟರ್ ಓದಬೇಕು, ಚಾಲಕ ತಿದ್ದಬೇಕು. ನಮ್ಮ ಪದ್ಧತಿಯಲ್ಲಿ ಒಂದು ಎಂದರೆ ತೀರಾ ಬಿಗಿಯಾದ ತಿರುವು, ಆರು ಎಂದರೆ ಆಕ್ಸಿಲರೇಟರಿನಿಂದ ಕಾಲೆತ್ತದೆ ಹೋಗಬಹುದಾದದ್ದು. ಇದನ್ನೇ ತಿರುಗಾಮುರುಗಾ ಇಟ್ಟುಕೊಂಡ ತಂಡಗಳೂ ಇವೆ. ಆದ್ದರಿಂದ ಪಕ್ಕದವರ ನೋಟ್ಸ್ ಎರವಲು ಪಡೆದು ಓಡಿಸುವುದು ಜೀವವಿಮೆ ಇದ್ದವರಿಗೆ ಮಾತ್ರ. ಹೀಗೆ ಆರು ಅಂಕಿಗಳಿದ್ದರೂ ಭಾವನಿಗೆ ಸಾಲದು. "ಬಲ ನಾಲ್ಕು... ಬೇಡ, ಮೂರು ಎಂದು ಬರೆ. ಮೂರು, ಆದರೆ ಒಳ್ಳೆಯ ಮೂರು." ಒಳ್ಳೆಯ ಮೂರು ಎಂದು ಬರೆದೆ. ಒಂದು ಕಡೆ ದಿಬ್ಬ ಇಳಿದ ಕೂಡಲೇ ಎಡಕ್ಕೆ ಕಡಿದಾದ ತಿರುವು. ಅದರ ಅಂಚಿನ ಹೊಲದಲ್ಲಿ ನೀಲಿ ಟ್ರ್ಯಾಕ್ಟರ್ ನಿಂತಿತ್ತು.

"ಟ್ರ್ಯಾಕ್ಟರ್ ಕಂಡ ಕೂಡಲೇ ಬ್ರೇಕ್ ಎಂದು ಬರೆ."

"ಭಾವ, ಟ್ರ್ಯಾಕ್ಟರಿಗೆ ಚಕ್ರ ಇದೆಯಲ್ಲ."

"ನಿನಗೆ ಎಲ್ಲದಕ್ಕೂ ಒಂದು ತಕರಾರು."

ಬರೆದೆ.

ಶನಿವಾರ ಬೆಳಿಗ್ಗೆ ಮೊದಲ ಸ್ಟೇಜ್. ಜಲ್ಲಿ ದಾರಿಯಲ್ಲಿ ಮೊದಲು ಓಡುವವರಿಗೆ ಸಡಿಲ ಕಲ್ಲು ಗುಡಿಸುವ ಶಿಕ್ಷೆ ಎಂದು ದೊಡ್ಡ ಚಾಲಕರು ದೂರುವುದುಂಟು. ನಮ್ಮ ಸರದಿ ಕೊನೆಕೊನೆಗೆ. ಆ ಹೊತ್ತಿಗೆ ಗುಡಿಸಲು ಏನೂ ಉಳಿದಿರುವುದಿಲ್ಲ, ದಾರಿಯೂ ಅಷ್ಟಾಗಿ ಉಳಿದಿರುವುದಿಲ್ಲ. ಎರಡು ಕಡೆ ಚಕ್ರದ ಕೊರಕಲು, ನಡುವೆ ಎದ್ದ ಮಣ್ಣಿನ ಏರಿ. ಆ ಏರಿಯ ಮೇಲೆ ನಮ್ಮ ಕಾರಿನ ಹೊಟ್ಟೆ ಉಜ್ಜಿಕೊಂಡು ಹೋಗುವ ಸದ್ದು. ದಿಬ್ಬ ಬಂತು. "ಟ್ರ್ಯಾಕ್ಟರ್, ಬ್ರೇಕ್!" ಎಂದೆ. ಬರೆದದ್ದನ್ನು ಬರೆದ ಜಾಗದಲ್ಲೇ ಓದಿದೆ. ಭಾವ ಟ್ರ್ಯಾಕ್ಟರ್ ಹುಡುಕಿದರು. ಅದು ಇರಲಿಲ್ಲ. ಇದ್ದದ್ದು ತಿರುವು ಮಾತ್ರ, ಅದೂ ತೀರಾ ಹತ್ತಿರ. ಒಂದು ಚಕ್ರ ಚರಂಡಿಯಲ್ಲಿ, ಒಂದು ಗಾಳಿಯಲ್ಲಿ, ಹೇಗೋ ಆಚೆ ಬಂದೆವು. ಸ್ವಲ್ಪ ದೂರ ಹೋದ ಮೇಲೆ, ನೋಟ್ಸಿನಲ್ಲಿ "ನೇರ, ಪೂರ್ತಿ ವೇಗ" ಎಂದಿರುವ ಕಡೆ, ಉಳುಮೆ ಮುಗಿಸಿ ಬೇಲಿಯ ಪಕ್ಕ ನಿಂತಿದ್ದ ನೀಲಿ ಟ್ರ್ಯಾಕ್ಟರ್ ಕಾಣಿಸಿತು. ಭಾವ ಎರಡೂ ಕಾಲು ಊರಿ ಬ್ರೇಕ್ ಹಾಕಿದರು. ನೇರ ದಾರಿಯ ನಟ್ಟನಡುವೆ ಕಾರು ನಿಂತಿತು.

ಮುಂದಿನ ಸ್ಟೇಜಿನಲ್ಲಿ ಇಂಟರ್‌ಕಾಮ್ ಸತ್ತಿತು. ಎಂಜಿನ್ನಿನ ಗದ್ದಲದ ನಡುವೆ ಪಕ್ಕದವರ ಮಾತು ಕೇಳಿಸುವುದು ಹೆಲ್ಮೆಟ್ಟಿನೊಳಗಿನ ಆ ತಂತಿಯಿಂದಲೇ. ಕಿರುಚಿದೆ, ಕೇಳಿಸಲಿಲ್ಲ. ಆಗ ನೆನಪಾದದ್ದು 1955ರ ಮಿಲ್ಲೆ ಮಿಲಿಯಾ. ಇಟಲಿಯ ಸಾರ್ವಜನಿಕ ರಸ್ತೆಗಳಲ್ಲಿ ಸುಮಾರು 1,600 ಕಿಲೋಮೀಟರ್ ಓಟ. ಸ್ಟರ್ಲಿಂಗ್ ಮಾಸ್ ಅವರ ಪಕ್ಕದಲ್ಲಿ ಕೂತ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ದಾರಿಯ ವಿವರವನ್ನೆಲ್ಲ ಐದು ಮೀಟರಿಗೂ ಉದ್ದದ ಕಾಗದದ ಸುರುಳಿಯಲ್ಲಿ ಬರೆದಿಟ್ಟು, ಪೆಟ್ಟಿಗೆಯಲ್ಲಿ ಸುತ್ತುತ್ತಾ ಓದಿ, ಕೈಸನ್ನೆಯಿಂದಲೇ ಚಾಲಕನಿಗೆ ದಾಟಿಸಿದರು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದರು. ಅವರಿಗೆ ಸಾಧ್ಯವಾದದ್ದು ನನಗೇಕೆ ಆಗಬಾರದು? ಎಡಗೈ ಎತ್ತಿದರೆ ಎಡ, ಬಲಗೈ ಎತ್ತಿದರೆ ಬಲ, ಬೆರಳೆಷ್ಟೋ ಅಂಕಿ ಅಷ್ಟು. ತರ್ಕದಲ್ಲಿ ಒಂದಿಷ್ಟೂ ಬಿರುಕಿರಲಿಲ್ಲ. ಎರಡು, ಮೂರು, ನಾಲ್ಕು, ಎಲ್ಲವೂ ಸುಸೂತ್ರವಾಗಿ ನಡೆದವು. ಆಮೇಲೆ "ಎಡ ಐದು" ಬಂತು. ಎಡಗೈಯ ಐದೂ ಬೆರಳು ಬಿಡಿಸಿ ಭಾವನ ಮುಖದ ಮುಂದೆ ಹಿಡಿದೆ.

ನಿಲ್ಲಿಸಿಬಿಟ್ಟರು.

"ಏನಾಯಿತು?" ಎಂದು ಹೆಲ್ಮೆಟ್ ಎತ್ತಿ ಕೇಳಿದರು. "ಐದು, ಭಾವ, ಐದು! ಹೋಗಿ!" ಎಂದೆ. ಜೆಂಕಿನ್ಸನ್ ಮತ್ತು ಮಾಸ್ ಸನ್ನೆಗಳ ಬಗ್ಗೆ ಮೊದಲೇ ಮಾತಾಡಿಕೊಂಡಿದ್ದರು ಎಂದು ಸಂಜೆ ಮೆಕ್ಯಾನಿಕ್ ಗಮನಕ್ಕೆ ತಂದರು. ಅವರಿಗೆ ಎಲ್ಲದಕ್ಕೂ ಪೂರ್ವಭಾವಿ ಒಪ್ಪಂದ ಬೇಕು.

ಕಾರು ರಿಪೇರಿಗೆಂದು ಗೊತ್ತುಮಾಡಿದ ಸರ್ವಿಸ್ ಪಾರ್ಕಿನಲ್ಲಿ ಸಿಗುವ ಸಮಯ ಗಡಿಯಾರಕ್ಕೆ ಕಟ್ಟುಬಿದ್ದದ್ದು. ನಮಗೆ ಮೂವತ್ತು ನಿಮಿಷವಿತ್ತು. ನೆಲಕ್ಕೆ ಎಣ್ಣೆ ಸೋರಬಾರದೆಂದು ಕಾರಿನ ಕೆಳಗೆ ತಾಡಪಾಲು ಹಾಸಬೇಕು; ಹಾಸಿದೆವು. ಅದರ ಕೆಳಗಿನ ನೆಲ ಎಷ್ಟು ಮೆತ್ತಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅಳಿಯ ಜ್ಯಾಕ್ ಒತ್ತಿದ. ಕಾರು ಮೇಲೇಳುವ ಬದಲು ಜ್ಯಾಕ್ ಕೆಳಗಿಳಿಯಿತು. ಅವನು ಇನ್ನಷ್ಟು ಒತ್ತಿದ, ಅದು ಇನ್ನಷ್ಟು ಇಳಿಯಿತು. ಕಡೆಗೆ ತಾಡಪಾಲು ಜ್ಯಾಕಿನ ಸುತ್ತ ಬಾವಿಯ ಕಟ್ಟೆಯಂತೆ ಮೇಲೆದ್ದು, ಒಳಗಿನಿಂದ ಹಿಡಿಕೆಯ ತುದಿ ಮಾತ್ರ ಕಾಣುತ್ತಿತ್ತು. ಪಕ್ಕದ ತಂಡದವರು ಮರುಮಾತಿಲ್ಲದೆ ಒಂದು ಹಲಗೆ ತಂದುಕೊಟ್ಟರು. ಹವ್ಯಾಸಿ ರ‍್ಯಾಲಿಯ ದೊಡ್ಡ ಗುಣ ಇದು: ಸ್ಟೇಜಿನಲ್ಲಿ ನಿಮ್ಮನ್ನು ಸೋಲಿಸಲು ಹೊರಟವರೇ ಸರ್ವಿಸಿನಲ್ಲಿ ನಿಮಗೆ ಸ್ಪ್ಯಾನರ್ ಕೊಡುತ್ತಾರೆ. ನಮಗಂತೂ ಸೋಲಿಸುವ ಕಷ್ಟವನ್ನೂ ಯಾರೂ ಪಡಬೇಕಾಗಿಲ್ಲ.

ಚಕ್ರ ಬದಲಾಯಿತು, ಹೊರಡಬೇಕು, ಕಾರು ಸ್ಟಾರ್ಟ್ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲು ಬಾಯಿ ತೆರೆಯುತ್ತಾರೆ. 1998ರಲ್ಲಿ ವಿಶ್ವ ಚಾಂಪಿಯನ್ ಆಗಲು ಕಾರ್ಲೋಸ್ ಸೈಂಜ್‌ಗೆ ಉಳಿದಿದ್ದದ್ದು ಕೆಲವೇ ನೂರು ಮೀಟರ್; ಬ್ರಿಟನ್ನಿನ ರ‍್ಯಾಲಿಯ ಕೊನೆಯ ಸ್ಟೇಜಿನಲ್ಲಿ ಟೊಯೊಟಾ ಹೊಗೆಯಾಡಿ ನಿಂತಿತು; ಸಹಚಾಲಕ ಲೂಯಿಸ್ ಮೋಯಾ ಹೆಲ್ಮೆಟ್ ಎಸೆದು ಹಿಂದಿನ ಗಾಜು ಒಡೆದರು; ಮೊದಲ ದಿನವೇ ರ‍್ಯಾಲಿಯಿಂದ ಹೊರಬಿದ್ದಿದ್ದ ಟಾಮಿ ಮಾಕಿನೆನ್ ಚಾಂಪಿಯನ್ ಆದರು. ನಮ್ಮ ಕಾರು ಕೈಕೊಟ್ಟಾಗಲೆಲ್ಲ ಈ ಕಥೆ ಸಮಾಧಾನಕ್ಕೆಂದು ಬರುತ್ತದೆ. ಅದು ಮೋಯಾ ಗಾಜು ಒಡೆಯುವ ಘಟ್ಟಕ್ಕೆ ಬರುವಷ್ಟರಲ್ಲಿ ನಾವು ತಳ್ಳಲು ನಿಂತಿದ್ದೆವು.

ಇನ್ನೂ ಸಮಯವಿತ್ತು, ಬೇಕಾದಷ್ಟು ಸಮಯವಿತ್ತು. ಅದೇ ತೊಂದರೆ. ಟೈಮ್ ಕಂಟ್ರೋಲ್ ಎಂದರೆ ಪ್ರತಿ ಕಾರೂ ತನಗೆ ಗೊತ್ತುಮಾಡಿದ ನಿಮಿಷಕ್ಕೆ ಹಾಜರಾಗಬೇಕಾದ ಠಾಣೆ. ಅಲ್ಲಿಗೆ ಒಂದು ನಿಮಿಷ ತಡವಾಗಿ ಹೋದರೆ 10 ಸೆಕೆಂಡು ದಂಡ. ಒಂದು ನಿಮಿಷ ಮುಂಚೆ ಹೋದರೆ ಪೂರ್ತಿ 60 ಸೆಕೆಂಡು. ಶಿಸ್ತಿನವರಿಗೆ ಸೋಮಾರಿಗಳಿಗಿಂತ ಆರು ಪಟ್ಟು ಶಿಕ್ಷೆ ಕೊಡುವ ಆಟ ಬೇರೊಂದಿರಲಾರದು. ಹಳದಿ ಫಲಕ ದಾಟಿದರೆ ಕಂಟ್ರೋಲಿನ ವಲಯ ಶುರು. ಫಲಕ ಎದುರಿಗೇ ಇತ್ತು, ನೆಲ ಸ್ವಲ್ಪ ಇಳಿಜಾರು, ಅಳಿಯನ ಉತ್ಸಾಹವೋ ಕಟ್ಟೆಯೊಡೆದದ್ದು. ಅವನು ಹೆಗಲು ಕೊಟ್ಟ ರಭಸಕ್ಕೆ ಎಂಜಿನ್ ಎಚ್ಚರಗೊಂಡು ಒಮ್ಮೆ ಕೆಮ್ಮಿ ಜಿಗಿಯಿತು, ಕಾರು ಹಳದಿ ಫಲಕದ ಆಚೆ ಹೋಗಿ ನಿಂತಿತು. ನಮ್ಮ ನಿಮಿಷಕ್ಕೆ ಇನ್ನೂ ಮೂರು ನಿಮಿಷ ಬಾಕಿ. ಹಿಂದಕ್ಕೆ ಎಳೆಯಲು ಹೋದೆವು. ಮಾರ್ಷಲ್ ಕೈ ಅಡ್ಡ ಹಿಡಿದರು. ವಲಯದಿಂದ ಹಿಮ್ಮುಖವಾಗಿ ಹೊರಬರುವುದು ಬೇರೆಯೇ ಅಪರಾಧವಂತೆ. ಮೂರು ನಿಮಿಷ ದಂಡ. "ಮಾವ, ಸ್ಟಾರ್ಟ್ ಆಯಿತಲ್ಲ!" ಎಂದು ಅಳಿಯ ಕುಣಿಯುತ್ತಿದ್ದ.

ಭಾನುವಾರದ ಕಥೆ ಚರಂಡಿಯದು. ಹೇಗೆ ಹೋದೆವು ಎಂಬುದರಲ್ಲಿ ಹೊಸದೇನಿಲ್ಲ. ನೋಟ್ಸ್ ತಡವಾಗಿರಲಿಲ್ಲ ಎಂದಷ್ಟೇ ದಾಖಲಿಸುತ್ತೇನೆ. ಕಾರು ಮೆಲ್ಲಗೆ ಜಾರಿ, ಮೂತಿ ಕೆಳಗೆ ಮಾಡಿ ಕೂತಿತು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಇಂಥ ಸಮಯಕ್ಕೆಂದು ಪ್ರತಿ ಕಾರಿನಲ್ಲೂ ಒಂದು ದೊಡ್ಡ ಹಾಳೆ ಇರುತ್ತದೆ. ಒಂದು ಬದಿಯಲ್ಲಿ ಹಸಿರು ಅಕ್ಷರದ "ಓಕೆ": ನಾವು ಕ್ಷೇಮ, ನೀವು ಮುಂದೆ ಹೋಗಿ. ಇನ್ನೊಂದು ಬದಿಯಲ್ಲಿ ಕೆಂಪು ಅಕ್ಷರದ "ಎಸ್‌ಒಎಸ್": ಪೆಟ್ಟಾಗಿದೆ, ಬಿಟ್ಟು ಹೋಗಬೇಡಿ. ಕೆಂಪು ಕಂಡವರು ನಿಲ್ಲಲೇಬೇಕು. ನಾನು ತ್ರಿಕೋನದ ಎಚ್ಚರಿಕೆ ಫಲಕ ಹಿಡಿದು ಹಿಂದಕ್ಕೆ ಐವತ್ತು ಮೀಟರ್ ಓಡಿದೆ. ಭಾವ ಹಾಳೆ ಹಿಡಿದು ರಸ್ತೆಯಂಚಿನಲ್ಲಿ ನಿಂತರು.

ಮುಂದಿನ ಕಾರು ಬಂತು. ಭಾವನನ್ನು ನೋಡಿದ್ದೇ ಕೀರಲಿಡುತ್ತಾ ನಿಂತಿತು. ಇಬ್ಬರೂ ಬೆಲ್ಟ್ ಕಳಚಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿಗೆ ಓಡಿಬಂದರು. "ಏನೂ ಆಗಿಲ್ಲ, ನೀವು ಹೋಗಿ, ಹೋಗಿ!" ಎಂದು ಭಾವ ಹಾಳೆಯನ್ನು ಇನ್ನೂ ಮೇಲೆತ್ತಿ ಬೀಸಿದರು. ಅವರು ಇನ್ನೂ ಗಾಬರಿಯಾದರು. ತಲೆಗೇ ಪೆಟ್ಟು ಬಿದ್ದಿದೆ ಎಂದುಕೊಂಡರೇನೋ, ಒಬ್ಬರು ಭಾವನನ್ನು ಹಿಡಿದು ಕೂರಿಸಲು ನೋಡಿದರು. "ಕಣ್ಣು ಕಾಣಿಸುವುದಿಲ್ಲವೇ? ಇಲ್ಲಿ ಏನು ಬರೆದಿದೆ ಓದಿ!" ಎಂದು ಭಾವ ಗದರಿದರು. ನಿಜಕ್ಕೂ ಅವರ ಕಣ್ಣೆದುರಿಗೆ ದೊಡ್ಡ ಹಸಿರು ಅಕ್ಷರದಲ್ಲಿ "ಓಕೆ" ಎಂದೇ ಇತ್ತು. ತಾವು ಓದಿಕೊಳ್ಳಲು ಅನುಕೂಲವಾಗುವಂತೆ ಹಿಡಿದಿದ್ದರು. ಬಂದವರ ಕಡೆಗಿದ್ದದ್ದು ಕೆಂಪು.

ನಮ್ಮನ್ನು ಪ್ರೇಕ್ಷಕರು ಎತ್ತಿ ರಸ್ತೆಗಿಟ್ಟರು. ಪಾಪ, ಆ ತಂಡದ ಗತಿ ಏನು ಎಂದು ಸಂಜೆಯವರೆಗೂ ನನಗೆ ಕಸಿವಿಸಿ. ಆದರೆ ನೆರವಿಗೆಂದು ನಿಂತವರಿಗೆ ಸಂಘಟಕರು ನ್ಯಾಯವೆನಿಸಿದ ಸಮಯವನ್ನು ಕೊಡಬಹುದು ಎಂಬ ನಿಯಮವಿದೆ. ಕೊಟ್ಟರು. ಅದು ಅವರು ಅಲ್ಲಿಯವರೆಗೆ ಓಡಿದ್ದ ವೇಗಕ್ಕಿಂತ ಎಷ್ಟೋ ಚೆನ್ನಾಗಿತ್ತು. ಎರಡು ಸ್ಥಾನ ಮೇಲೇರಿದ ಅವರು ಬಂದು ಭಾವನ ಕೈ ಕುಲುಕಿ, ಮುಂದಿನ ಸ್ಪರ್ಧೆಗೂ ನಮ್ಮ ಹಿಂದಿನ ನಂಬರೇ ಸಿಗಲಿ ಎಂದು ಹಾರೈಸಿಹೋದರು. ನಾವು ನೆರವು ಪಡೆದವರು. ನಮಗೆ ಅಂಥ ನಿಯಮವಿಲ್ಲ.

ಸ್ಪರ್ಧೆ ಮುಗಿದ ಮೇಲೆ ಕಾರುಗಳನ್ನು ಪಾರ್ಕ್ ಫರ್ಮೆ ಎಂಬ ಬೇಲಿಯೊಳಗೆ ನಿಲ್ಲಿಸಬೇಕು. ಫಲಿತಾಂಶ ಪ್ರಕಟವಾಗಿ ಆಕ್ಷೇಪಣೆಯ ಅವಧಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಿಲ್ಲಿಸಿ ಹೊರಬಂದೆವು. ಆಗ ಮಳೆ ಶುರುವಾಯಿತು. ಸರ್ವಿಸ್ ವ್ಯಾನಿನ ಬೀಗದಕೈ ಎಲ್ಲಿ ಎಂದು ಮೆಕ್ಯಾನಿಕ್ ಕೇಳಿದರು. ಅದು ಕಾರಿನ ಬಾಗಿಲಿನ ಜೇಬಿನಲ್ಲಿ, ನಾಲ್ವರ ಜರ್ಕಿನ್‌ಗಳು ಹಿಂದಿನ ಕಡೆ, ಭಾವನ ಮೊಬೈಲ್ ಸೀಟಿನ ಮೇಲೆ ಮಿನುಗುತ್ತಾ ಇತ್ತು. ಅಕ್ಕ ಕರೆಯುತ್ತಿದ್ದಳು. ಬೇಲಿಯಾಚೆಯಿಂದ ನಾವು ನಾಲ್ವರೂ ಅದನ್ನು ನೋಡುತ್ತಾ ನೆನೆದೆವು. ನಮ್ಮಂಥ ಫಲಿತಾಂಶದ ಮೇಲೆ ಆಕ್ಷೇಪಣೆ ಸಲ್ಲಿಸುವ ಪ್ರಾಣಿ ಯಾವುದು ಎಂದು ಕೇಳಿದೆ. ನಿಯಮ ಎಲ್ಲರಿಗೂ ಒಂದೇ ಎಂದರು ಕೊಡೆ ಹಿಡಿದಿದ್ದ ಅಧಿಕಾರಿ.

ಬೇಲಿ ತೆರೆದಾಗ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಟ್ರೇಲರಿನ ಹಲಗೆಗಳ ಮೇಲೆ ತಳ್ಳಿಯೇ ಹತ್ತಿಸಬೇಕಾಯಿತು. ಭಾವ ಸ್ಟಿಯರಿಂಗ್ ಹಿಡಿದು ಕೂತರು, ಅಳಿಯ ಮತ್ತು ಮೆಕ್ಯಾನಿಕ್ ಹಿಂದೆ, ನಾನು ಮುಂದೆ ನಿಂತು ದಾರಿ ಹೇಳುತ್ತಿದ್ದೆ. "ಸ್ವಲ್ಪ ಎಡಕ್ಕೆ, ಭಾವ. ಎಡಕ್ಕೆ. ಎಡ!" ಬಲಚಕ್ರ ಒದ್ದೆ ಹಲಗೆಯ ಅಂಚಿನಿಂದ ಜಾರಿ ಕೆಳಗೆ ಕೂತಿತು. ಭಾವ ಕಿಟಕಿಯಿಂದ ತಲೆ ಹೊರಹಾಕಿ ಚಕ್ರವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೋಟ್ಸ್ ತಡವಾಯಿತು" ಎಂದರು.